ಲಿವರು ಹಾಕಿದರೂ ಮುಂದಿನ ಚಕ್ರ ಎಳೆಯದಿದ್ದರೆ?

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಾಸರಗೋಡಿನ ಮೂಡಣ ಗುಡ್ಡಗಾಡಿನಲ್ಲಿ ದಾರಿಗಳ ಸ್ವಭಾವವೇ ಬದಲಾಗುತ್ತದೆ. ಬೇಸಗೆಯಲ್ಲಿ ಯಾವ ವಾಹನಕ್ಕೂ ಒಲಿಯುತ್ತಿದ್ದ ಕೆಮ್ಮಣ್ಣಿನ ಏರು ಎರಡು ಮಳೆಗೇ ಜಾರತೊಡಗುತ್ತದೆ. ತೋಟದ ಮನೆಗಿಳಿಯುವ ಕಾಂಕ್ರೀಟು ದಾರಿಯ ಮೇಲೆ ಹಾವಸೆ ಕಟ್ಟುತ್ತದೆ. ಎಣ್ಮಕಜೆ, ದೇಲಂಪಾಡಿ, ಪಾಣತ್ತೂರು ಕಡೆಯ ಒಳದಾರಿಗಳಲ್ಲಿ ಗೊಬ್ಬರದ ಚೀಲದಿಂದ ಹಿಡಿದು ನಡುರಾತ್ರಿ ಆಸ್ಪತ್ರೆಗೆ ಸಾಗಿಸಬೇಕಾದ ರೋಗಿಯವರೆಗೆ ಎಲ್ಲಕ್ಕೂ ಆಗ ಆಧಾರ ಫೋರ್‌ವೀಲ್ ಜೀಪು. ಆ ಆಧಾರ ನಿಜವಾಗಿಯೂ ಇದೆಯೇ ಎಂಬುದನ್ನು ಪರೀಕ್ಷಿಸಿಟ್ಟವರು ಮಾತ್ರ ಕಡಿಮೆ.

ಕಾರಣ ಸರಳ. ವರ್ಷದ ಎಂಟು ತಿಂಗಳು ಇಂತಹ ವಾಹನ ಹಿಂದಿನ ಎರಡು ಚಕ್ರಗಳ ಬಲದಲ್ಲೇ ಓಡುತ್ತದೆ. ಮುಂಭಾಗದ ವ್ಯವಸ್ಥೆ ಕೆಟ್ಟಿದ್ದರೂ ಡಾಮರು ರಸ್ತೆಯಲ್ಲಿ ಅದರ ಸುಳಿವು ಸಿಗದು. ಚಾಲಕನು ಚಿಕ್ಕ ಲಿವರನ್ನು ಎಳೆದಾಗ ಅದು ಸಲೀಸಾಗಿ ಬೀಳಬಹುದು, ಎದುರಿನ ಫಲಕದಲ್ಲಿ ದೀಪವೂ ಬೆಳಗಬಹುದು. ಆದರೆ ಹೆಚ್ಚಿನ ವಾಹನಗಳಲ್ಲಿ ಆ ದೀಪ ತಿಳಿಸುವುದು ಒಳಗಿನ ಒಂದು ಭಾಗ ತನ್ನ ಜಾಗಕ್ಕೆ ಸರಿದಿದೆ ಎಂಬುದನ್ನಷ್ಟೇ. ಮುಂದಿನ ಚಕ್ರಕ್ಕೆ ಬಲ ಮುಟ್ಟಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ಬಲ ಸಾಗುವ ಹಾದಿಯನ್ನು ತಿಳಿದರೆ ದೋಷ ಹುಡುಕುವುದು ಸುಲಭ. ಇಂಜಿನಿನ ಬಲ ಗೇರ್‌ಬಾಕ್ಸನ್ನು ದಾಟಿ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಲಿವರು ಹಾಕಿದಾಗ ಅಲ್ಲಿ ಹಿಂದಿನ ಶಾಫ್ಟಿನೊಂದಿಗೆ ಮುಂದಿನ ಶಾಫ್ಟೂ ಜೋಡಣೆಗೊಳ್ಳುತ್ತದೆ. ಮುಂದಿನ ಶಾಫ್ಟು ಡಿಫರೆನ್ಷಿಯಲನ್ನು, ಅದು ಎರಡು ಕಡೆಯ ಆ್ಯಕ್ಸಲುಗಳನ್ನು, ಆ್ಯಕ್ಸಲುಗಳು ಹಬ್ಬುಗಳ ಮೂಲಕ ಚಕ್ರಗಳನ್ನು ತಿರುಗಿಸುತ್ತವೆ. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿ ಹಬ್ಬುಗಳು ಸದಾ ಜೋಡಿಕೊಂಡೇ ಇರುತ್ತಿದ್ದವು. ಯುದ್ಧ ಮುಗಿದ ಮೇಲೆ ಆ ಜೀಪುಗಳು ನಾಗರಿಕರ ಕೈಗೆ ಬಂದಾಗ, ರಸ್ತೆಯಲ್ಲಿ ಓಡುವಾಗ ಮುಂದಿನ ಆ್ಯಕ್ಸಲು ವೃಥಾ ತಿರುಗದಿರಲೆಂದು ಬೇಕಾದಾಗ ಕಳಚುವ, ಬೇಕಾದಾಗ ಜೋಡಿಸುವ ಹಬ್ಬುಗಳು ಬಂದವು. 1948ರಲ್ಲಿ ಅಮೆರಿಕದಲ್ಲಿ ಆರಂಭವಾದ ವಾರ್ನ್ ಸಂಸ್ಥೆ ಇವುಗಳಿಂದಲೇ ಹೆಸರು ಮಾಡಿತು. ಇಂಧನ ಉಳಿಸುವ ಈ ಅನುಕೂಲವೇ ಬಲದ ಹಾದಿಯಲ್ಲಿ ಕೈಕೊಡಬಹುದಾದ ಇನ್ನೊಂದು ಕೊಂಡಿಯೂ ಆಯಿತು.

ದೋಷ ಹುಡುಕುವ ಮೊದಲು ಒಂದು ತಪ್ಪು ತಿಳಿವಳಿಕೆ ನಿವಾರಣೆಯಾಗಬೇಕು. ಕೆಸರಿನಲ್ಲಿ ಸಿಕ್ಕಿಬಿದ್ದ ಜೀಪಿನ ಮುಂದೆ ಒಂದು, ಹಿಂದೆ ಒಂದು ಚಕ್ರ ಮಾತ್ರ ಗಿರಗಿರನೆ ತಿರುಗುತ್ತಿದ್ದರೆ ‘ಫೋರ್‌ವೀಲ್ ಬೀಳುತ್ತಿಲ್ಲ’ ಎಂದು ಹಲವರು ನಿರ್ಧರಿಸಿಬಿಡುತ್ತಾರೆ. ನಿಜದಲ್ಲಿ ಅದು ಸರಿಯಾಗಿಯೇ ಬಿದ್ದಿದೆ. ಸಾಮಾನ್ಯ ಡಿಫರೆನ್ಷಿಯಲು ಹಿಡಿತವಿಲ್ಲದ ಚಕ್ರವನ್ನೇ ತಿರುಗಿಸುತ್ತದೆ. ಅದು ಅದರ ರಚನೆಯ ಗುಣ. ಹಿಂದಿನ ಚಕ್ರ ತಿರುಗುತ್ತಿರುವಾಗ ಮುಂದಿನ ಎರಡೂ ಚಕ್ರಗಳು ಸುಮ್ಮನೆ ನಿಂತಿದ್ದರೆ ಮಾತ್ರ ಸಂಶಯಪಡಬೇಕು.

ಆ ಸಂಶಯವನ್ನು ಪರಿಹರಿಸಲು ಅಂಗಳದಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ವಾಹನವನ್ನು ಮಣ್ಣಿನ ನೆಲದಲ್ಲಿ ನಿಲ್ಲಿಸಿ, ಕೈಯಿಂದ ತಿರುಗಿಸುವ ಹಬ್ಬುಗಳಿದ್ದರೆ ಎರಡನ್ನೂ ‘ಲಾಕ್’ ಗುರುತಿಗೆ ತಂದು, ಲಿವರನ್ನು ಫೋರ್‌ವೀಲ್ ಹೈಗೆ ಹಾಕಿ, ನೇರವಾಗಿ ಕೆಲವು ಮೀಟರು ಓಡಿಸಬೇಕು. ಹಲ್ಲುಗಳು ಒಂದಕ್ಕೊಂದು ಕೂಡಲು ಈ ಚಲನೆ ಅಗತ್ಯ. ಬಳಿಕ ಗಟ್ಟಿಯಾದ ಸಮತಟ್ಟು ಜಾಗದಲ್ಲಿ ಇಂಜಿನನ್ನು ಆರಿಸಿ, ಮುಖ್ಯ ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಅಡೆಕೊಡಬೇಕು. ಮುಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಆ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಇನ್ನೊಬ್ಬರು ಪಕ್ಕದಿಂದ ಬಗ್ಗಿ ಮುಂದಿನ ಶಾಫ್ಟನ್ನು ನೋಡುತ್ತಿರಬೇಕು. ವಾಹನದಡಿಗೆ ಯಾರೂ ತಲೆ ಹಾಕಬಾರದು. ಚಕ್ರ ಎತ್ತಿರುವಾಗ ಇಂಜಿನು ಚಾಲೂ ಮಾಡಿ ಗೇರು ಹಾಕುವುದಂತೂ ಪ್ರಾಣಾಪಾಯ; ನೆಲದಲ್ಲಿರುವ ಚಕ್ರಗಳಿಗೆ ಬಲ ಸಿಕ್ಕಿದ ಕ್ಷಣವೇ ಜೀಪು ಜ್ಯಾಕಿನಿಂದ ಹಾರೀತು.

ಉತ್ತರ ಮೂರು ಬಗೆ. ಚಕ್ರ ಸ್ವಲ್ಪ ಅಲುಗಾಡಿ ತಡೆದು ನಿಂತರೆ ಜೋಡಣೆ ಆಗಿದೆ ಎಂದರ್ಥ. ಚಕ್ರವೂ ಶಾಫ್ಟೂ ಒಟ್ಟಿಗೆ ತಿರುಗಿದರೆ ದೋಷ ಟ್ರಾನ್ಸ್‌ಫರ್ ಕೇಸಿನಲ್ಲಿ ಇಲ್ಲವೇ ಅದರ ಲಿವರಿನ ಜೋಡಣೆಯಲ್ಲಿದೆ. ಚಕ್ರ ತಿರುಗಿ ಶಾಫ್ಟು ಅಲ್ಲಾಡದೆ ನಿಂತರೆ ದೋಷ ಹಬ್ಬಿನಲ್ಲಿ ಅಥವಾ ಆ್ಯಕ್ಸಲಿನಲ್ಲಿದೆ. ಈ ಮೂರನೆಯದರಲ್ಲಿ ಎತ್ತಿದ ಬದಿಯನ್ನಷ್ಟೇ ನೋಡಿದರೆ ಸಾಲದು. ಇನ್ನೊಂದು ಬದಿಯ ಹಬ್ಬು ಜೋಡಿಕೊಳ್ಳದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಒಂದೇ ಹಬ್ಬು ಕೈಕೊಟ್ಟರೂ ಬಲವೆಲ್ಲ ಆ ಕಡೆಯ ಬಿಡಿ ಆ್ಯಕ್ಸಲನ್ನು ತಿರುಗಿಸುವುದರಲ್ಲೇ ವ್ಯರ್ಥವಾಗಿ, ಮುಂದಿನ ಎರಡೂ ಚಕ್ರಗಳು ಎಳೆಯುವುದನ್ನು ನಿಲ್ಲಿಸುತ್ತವೆ.

ವ್ಯಾಕ್ಯೂಮಿನಿಂದ ನಡೆಯುವ ಕೆಲವು ವ್ಯವಸ್ಥೆಗಳು ಇಂಜಿನು ನಿಂತ ಮೇಲೆ ತಾವಾಗಿ ಬಿಟ್ಟುಕೊಳ್ಳುತ್ತವೆ. ಅಂಥವುಗಳಿಗೆ ಈ ಪರೀಕ್ಷೆ ಹೊಂದದು. ಮೆಕ್ಯಾನಿಕರು ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ನೋಡಬೇಕಾಗುತ್ತದೆ. ಸದಾ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಕಾರುಗಳ ರಚನೆ ಬೇರೆಯೇ ಆದುದರಿಂದ ಅವುಗಳ ಕೈಪಿಡಿಯನ್ನೇ ಅನುಸರಿಸಬೇಕು.

ದೋಷದ ಜಾಗ ತಿಳಿದರೆ ಖರ್ಚಿನ ಅಂದಾಜೂ ಸಿಗುತ್ತದೆ, ಮತ್ತು ಅದು ಅನೇಕ ವೇಳೆ ಚಿಕ್ಕದೇ. ಕೈಯಿಂದ ತಿರುಗಿಸುವ ಹಬ್ಬಿನೊಳಗೆ ಹಳೆಯ ಗ್ರೀಸು ಗಟ್ಟಿಯಾಗಿ ಅಥವಾ ನೀರು ಸೇರಿ ತುಕ್ಕು ಹಿಡಿದು ಹಲ್ಲುಗಳು ಸರಿಯದಿರಬಹುದು. ಬಿಚ್ಚಿ ತೊಳೆದು ಸೂಕ್ತ ಗ್ರೀಸನ್ನು ಮಿತವಾಗಿ ಹಚ್ಚಿದರೆ ಸರಿಹೋಗುವುದುಂಟು. ವ್ಯಾಕ್ಯೂಮ್ ಹಬ್ಬುಗಳಲ್ಲಿ ರಬ್ಬರು ನಳಿಕೆ ಬಿರಿಯುವುದು, ಕಳಚಿಕೊಳ್ಳುವುದು, ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿ ಕಡಿಯುವುದು ಸಾಮಾನ್ಯ. ಲಿವರಿನ ಬುಶ್ ಸವೆದರೆ ಅಥವಾ ಸರಳಿನ ಸುತ್ತ ಮಣ್ಣು ಗಟ್ಟಿಯಾದರೆ ಲಿವರು ಪೂರ್ತಿ ಬಿದ್ದಂತೆ ತೋರಿದರೂ ಒಳಗೆ ಅರ್ಧವೇ ಸರಿದಿರುತ್ತದೆ. ಸ್ವಿಚ್ಚಿನಿಂದ ನಡೆಯುವ ಹೊಸ ವಾಹನಗಳಲ್ಲಿ ಮೊದಲು ಫ್ಯೂಸು, ಬ್ಯಾಟರಿ, ತಂತಿಯ ಕನೆಕ್ಟರುಗಳನ್ನು ನೋಡಬೇಕು. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಮಾತು. ಅದರ ಆಯಿಲು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ತಿಳಿಯಬೇಕು. ಈ ಕ್ರಮವನ್ನು ಬಿಟ್ಟು ನೇರವಾಗಿ ಗೇರ್‌ಬಾಕ್ಸ್ ಇಳಿಸಿದರೆ, ಒಂದು ನಳಿಕೆಯಿಂದ ಮುಗಿಯಬಹುದಾದ ಕೆಲಸಕ್ಕೆ ಅಡಿಕೆ ಮಾರಿದ ಹಣ ಕರಗುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಬಿದ್ದ ಲಿವರು ಹಿಂದಕ್ಕೆ ಬಾರದಿರುವುದು. ಒಣ ಡಾಮರಿನ ಮೇಲೆ ಫೋರ್‌ವೀಲಿನಲ್ಲಿ ತಿರುವು ತೆಗೆದಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುತ್ತವೆ. ಜಾರಲು ಮಣ್ಣಿಲ್ಲದೆ ಆ ವ್ಯತ್ಯಾಸ ಶಾಫ್ಟುಗಳಲ್ಲಿ ಬಿಗಿತವಾಗಿ ಉಳಿಯುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೂ ಹೀಗೆಯೇ. ಆಗ ಲಿವರನ್ನು ಬಲವಂತವಾಗಿ ಎಳೆಯದೆ ಕೆಲವು ಮೀಟರು ನೇರವಾಗಿ ಹಿಂದಕ್ಕೆ ಓಡಿಸಿದರೆ ಬಿಗಿತ ಸಡಿಲುತ್ತದೆ.

ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಒಂದೆರಡು ಕಿಲೋಮೀಟರು ಫೋರ್‌ವೀಲ್ ಹಾಕಿ ಓಡಿಸಿದರೆ ಎಣ್ಣೆ ಎಲ್ಲೆಡೆ ಹರಡಿ ಹಲ್ಲುಗಳು ಹಿಡಿಯದೆ ಉಳಿಯುತ್ತವೆ. ಬೇಸಗೆಯ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ. ಮಾಡಿಗೆ ಅಡಿಕೆಸೋಗೆ ಹೊದೆಸಿ, ಕಟ್ಟಿಗೆಯನ್ನು ಒಳಗೆ ಪೇರಿಸಿ ಮಳೆಗೆ ಸಿದ್ಧವಾಗುವುದು ಈ ನೆಲದ ಹಳೆಯ ರೂಢಿ. ಜ್ಯಾಕು, ಸ್ಟ್ಯಾಂಡು, ಇಬ್ಬರು ಜನ ಮತ್ತು ಅರ್ಧ ದಿನದ ಬಿಡುವು ಬೇಡುವ ಈ ಪರೀಕ್ಷೆಯೂ ಆ ಸಿದ್ಧತೆಗಳ ಸಾಲಿಗೆ ಸೇರಬೇಕು. ಮಳೆ ಸುರಿಯುವ ರಾತ್ರಿ, ಹಿಂದಿನ ಸೀಟಿನಲ್ಲಿ ರೋಗಿಯನ್ನು ಮಲಗಿಸಿಕೊಂಡು ಏರಿನ ನಡುವೆ ನಿಂತಾಗ ಈ ಯಾವ ಪರೀಕ್ಷೆಗೂ ಸಮಯವಿರುವುದಿಲ್ಲ.