ಹೊಳೆಸಾಲಿನಲ್ಲಿ ಒಳ್ಳೆಯ ಚಹಾದಂಗಡಿ

ಮಹಾನಗರಗಳ ಕಡಲದಂಡೆಯ ಬಡಾವಣೆಗಳಲ್ಲಿ ಕಾಫಿಗೃಹಗಳು ಸಾಲುಗಟ್ಟಿವೆ. ಅವುಗಳಲ್ಲಿ ಲೇಸಾದುದನ್ನು ಹುಡುಕುವುದೇ ಅಲ್ಲಿಯ ಯುವಜನರಿಗೊಂದು ಹವ್ಯಾಸ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೂ ನೀರಿನ ದಂಡೆಯ ಭಾಗ್ಯವುಂಟು. ಕೃಷ್ಣೆಯು ಮಹಾರಾಷ್ಟ್ರವನ್ನು ದಾಟಿ ಕರ್ನಾಟಕಕ್ಕೆ ಅಡಿಯಿಡುವುದು ಇಲ್ಲಿಯೇ. ಯಡೂರಿನ ವೀರಭದ್ರನ ದರ್ಶನಕ್ಕೆ ಬರುವ ಕುಟುಂಬದವರಿಗೂ, ಕುಡಚಿಯಲ್ಲಿ ರೈಲಿನಿಂದಿಳಿಯುವವರಿಗೂ, ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ತರುವವರಿಗೂ ದಣಿವಾರಿಸಿಕೊಳ್ಳಲು ಒಂದು ತಾಣ ಬೇಕು. ಅದನ್ನು ಆರಿಸುವುದೆಂತು? ಮೂರು ಪರೀಕ್ಷೆಗಳು ಸಾಕು.

ಮೊದಲನೆಯದು ನೀರು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಈ ಭಾಗದ ಅನೇಕ ಊರುಗಳನ್ನು ಮುಳುಗಿಸಿದವು. ಮಹಾಪೂರ ಇಳಿದರೂ ಬಾವಿಗಳಿಗೆ ಸೇರಿದ ಹೊಲಸು ಉಳಿಯುತ್ತದೆ. ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವೆನ್ನಲಾಗದು. ಚಹಾ ಕುದಿದಿರುವುದರಿಂದ ಅದರ ಭಯ ಕಡಿಮೆ. ಭಯವಿರುವುದು ಕಪ್ಪು-ಬಸಿಗಳನ್ನು ಅದ್ದಿ ತೆಗೆಯುವ ಬಕೆಟ್ಟಿನಲ್ಲಿ, ಮೇಜಿನ ಮೇಲಣ ತಂಬಿಗೆಯಲ್ಲಿ, ಕಬ್ಬಿನ ಹಾಲಿಗೆ ಹಾಕುವ ಮಂಜುಗಡ್ಡೆಯಲ್ಲಿ. ಆದ್ದರಿಂದ ಒಳಹೊಕ್ಕವರು ತಿಂಡಿಯ ಕಪಾಟಿಗಿಂತ ಮುಂಚೆ ಪಾತ್ರೆ ತೊಳೆಯುವ ಮೂಲೆಯನ್ನು ನೋಡಬೇಕು. ಹರಿಯುವ ನಳದ ಕೆಳಗೆ ತೊಳೆಯುವ ಅಂಗಡಿ, ಅದು ಎಷ್ಟೇ ಚಿಕ್ಕದಿರಲಿ, ನಂಬಿಕೆಗೆ ಪಾತ್ರ.

ಎರಡನೆಯದು ಹೆಣ್ಣುಮಕ್ಕಳಿಗೆ ಆಸನ. ಸಂತೆಯ ದಿನ ಗಂಡಸರು ಬಾಕಿನ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಕಾಯಿಪಲ್ಯದ ಬುಟ್ಟಿ ಹೊತ್ತು ತಂದ ತಾಯಂದಿರು ಗೋಡೆಯ ನೆರಳಿನಲ್ಲಿ ನೆಲದ ಮೇಲೆ ಕೂಡುತ್ತಾರೆ. ಅವರು ಸಂಕೋಚವಿಲ್ಲದೆ ಬಂದು ಕೂಡಬಲ್ಲ, ಶೌಚಾಲಯದ ಅನುಕೂಲವೂ ಇರುವ ಅಂಗಡಿಯೇ ಕುಟುಂಬಕ್ಕೆ ಯೋಗ್ಯವಾದುದು.

ಮೂರನೆಯದು ಎಲ್ಲಕ್ಕೂ ಹಿರಿದು: ಎಲ್ಲರಿಗೂ ಒಂದೇ ಕಪ್ಪು. ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಕಪ್ಪು ಇರಿಸಿದ ಕಾಲವಿತ್ತು. ಡಾ. ಅಂಬೇಡ್ಕರ್ ಅವರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಸಮ್ಮೇಳನದಲ್ಲಿ ಮಾತನಾಡಿದರು. ಅಂಗಡಿ, ಉಪಾಹಾರಗೃಹಗಳಿಗೆ ಪ್ರವೇಶಿಸುವಲ್ಲಿ ಜಾತಿಭೇದ ಸಲ್ಲದೆಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ. 1955ರ ಕಾಯದೆ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸಿತು. ಆದರೂ ಕಾಯದೆಯ ಕಣ್ಣು ಪ್ರತಿಯೊಂದು ಬಾಕಿನವರೆಗೆ ತಲುಪಲಾರದು. ಅಲ್ಲಿ ಕುಳಿತ ನಮ್ಮ ಕಣ್ಣು ತಲುಪಬಲ್ಲುದು.

ಈ ಮಾತು ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಸುಪರಿಚಿತ. ಬಿಸಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ದೊರೆಯುವ ಶಾಕಾಹಾರದ ಮನೆ ಇದೆಂದು ಪ್ರಯಾಣಿಕನು ಅದರಿಂದ ತಿಳಿಯುತ್ತಾನೆ. ಫಲಕವು ಅಡಿಗೆಯ ಪರಿಚಯ ಹೇಳಲಿ; ಉಣ್ಣಲು ಬಂದವನ ಪರಿಚಯ ಕೇಳದಿರಲಿ. ದಾಸೋಹದ ಪರಂಪರೆಯವರು ನಾವೆಂದು ಹೇಳಿಕೊಳ್ಳುವಾಗ, ಹಣ ಕೊಟ್ಟು ಉಣ್ಣುವವನ ಕುಲ ವಿಚಾರಿಸುವುದು ಇನ್ನಷ್ಟು ನಾಚಿಕೆಗೇಡು.

ವಾಚಕ ಬಂಧುಗಳೇ, ಮುಂದಿನ ಯಾತ್ರೆಯಲ್ಲಿ ಈ ಮೂರನ್ನೂ ಮಕ್ಕಳಿಗೆ ತೋರಿಸಿರಿ. ಒಳ್ಳೆಯ ಅಂಗಡಿ ಕಂಡರೆ ಮಾಲೀಕನೆದುರಿಗೇ ಎರಡು ಮೆಚ್ಚಿಗೆಯ ಮಾತನಾಡಿರಿ. ಕೊರತೆ ಕಂಡರೆ ಮೆಲ್ಲಗೆ ತಿಳಿಸಿರಿ. ಗಿರಾಕಿಗಳು ಕೇಳತೊಡಗಿದರೆ ಬಕೆಟ್ಟಿನ ನೀರು ಬದಲಾಗುತ್ತದೆ, ಬಾಕಿನ ಮೇಲೆ ತಾಯಂದಿರಿಗೂ ಸ್ಥಳವಾಗುತ್ತದೆ.