ಯುವಕರಲ್ಲಿ ಕ್ಯಾನ್ಸರ್: ಚಿಕ್ಕ ವಯಸ್ಸೆಂದು ಅಲಕ್ಷ್ಯ ಬೇಡ



“ನನಗಿನ್ನೂ ಮೂವತ್ತೆರಡು ವರ್ಷ, ನನಗೆಲ್ಲಿಯ ಕ್ಯಾನ್ಸರ್?” ಎಂದು ಕೇಳುವವರು ಬಹಳ. ಕ್ಯಾನ್ಸರ್ ಇಂದಿಗೂ ಹೆಚ್ಚಾಗಿ ವಯಸ್ಸಾದವರ ಕಾಯಿಲೆಯೇ, ನಿಜ. ಆದರೆ 50ರ ಒಳಗಿನವರಲ್ಲಿಯೂ ಅದು ಹೆಚ್ಚುತ್ತಿದೆ. 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ, ಈ ವಯೋಮಾನದಲ್ಲಿ 1990ರಲ್ಲಿ ಸುಮಾರು 18 ಲಕ್ಷ ಹೊಸ ರೋಗಿಗಳಿದ್ದರೆ 2019ರಲ್ಲಿ ಆ ಸಂಖ್ಯೆ 32 ಲಕ್ಷ ದಾಟಿತ್ತು. ಜನಸಂಖ್ಯೆ ಬೆಳೆದದ್ದೂ ಇದಕ್ಕೆ ಒಂದು ಕಾರಣ. ಆದರೆ ಅದೊಂದೇ ಅಲ್ಲ.

ನಮ್ಮ ಕಡೆ ಎದ್ದು ಕಾಣುವ ಕಾರಣವೆಂದರೆ ಗುಟ್ಕಾ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸಿದರೆ ಮತ್ತೆ ಅದೇ ಗುಟ್ಕಾ! ತಂಬಾಕಿಲ್ಲದ ಬರೀ ಅಡಿಕೆಯಿಂದ ಅಪಾಯವಿಲ್ಲವೆಂಬ ನಂಬಿಕೆಯೂ ತಪ್ಪು. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿಗೆ ಈ ಮಾತು ಕಹಿ, ಆದರೂ ಹೇಳಲೇಬೇಕು.

ಅಡಿಕೆ ಜಗಿಯುವವರ ಕೆನ್ನೆಯ ಒಳಭಾಗ ಮೊದಲು ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಚಟ್ನಿಯ ಖಾರ ತಾಕಿದರೂ ಬಾಯಿ ಉರಿಯುತ್ತದೆ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಬಾಯಿಯಲ್ಲಿಟ್ಟು ನೋಡಿರಿ. ಹಿಡಿಸದಿದ್ದರೆ ವೈದ್ಯರಿಗೆ ತೋರಿಸಿರಿ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಎರಡು ವಾರವಾದರೂ ಮಾಯದ ಬಾಯಿಹುಣ್ಣನ್ನು “ಉಷ್ಣ” ಎಂದು ಬಿಡಬೇಡಿರಿ.

ತಂದೆಯ ಎದುರು ಮಗ ಗುಟ್ಕಾದ ವಿಷಯ ಬಾಯಿ ಬಿಡುವುದಿಲ್ಲ. ಅಂಥ ವೇಳೆ ಜೊತೆಗೆ ಬಂದವರು ಐದು ನಿಮಿಷ ಹೊರಗೆ ಕುಳಿತರೆ ವೈದ್ಯರಿಗೆ ನಿಜ ತಿಳಿಯುತ್ತದೆ.

ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹಲವು ದೇಶಗಳಲ್ಲಿ ಯುವಕರಲ್ಲಿ ಏರುತ್ತಿದೆ. ಅಮೆರಿಕದಲ್ಲಿ ಇದರ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ಬೊಜ್ಜು, ಕುಳಿತೇ ಮಾಡುವ ಕೆಲಸ, ಮದ್ಯ, ನಾರಿನಂಶ ಇಲ್ಲದ ಪ್ಯಾಕೆಟ್ ತಿಂಡಿಗಳ ಮೇಲೆ ಸಂಶಯವಿದೆ. ಕೆಲವರಿಗೆ ಇದು ವಂಶದಿಂದ ಬರುತ್ತದೆ. ಯಾವ ಚಟವೂ ಇಲ್ಲದ, ಶುದ್ಧ ಸಸ್ಯಾಹಾರಿಗಳಿಗೂ ಬರುವುದುಂಟು. ಆದ್ದರಿಂದ ರೋಗಿಯನ್ನು ಹಳಿಯುವುದು, ಹಿಂದಿನ ಜನ್ಮದ ಪಾಪವೆನ್ನುವುದು ಸಲ್ಲದು. ಮಲದಲ್ಲಿ ರಕ್ತ ಕಂಡರೆ ಬಹುಪಾಲು ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೂ ಪರೀಕ್ಷೆ ಮಾಡಿಸದೆ ಸಂತೆಯ ಪುಡಿ ನುಂಗುತ್ತ ಆರು ತಿಂಗಳು ಕಳೆಯಬೇಡಿರಿ. ಸ್ತನದಲ್ಲಿ ನೋವಿಲ್ಲದ ಗಂಟು ಕಂಡ ಹೆಣ್ಣುಮಕ್ಕಳು ಸಂಕೋಚಪಡದೆ ತೋರಿಸಿಕೊಳ್ಳಬೇಕು.

“ತುಂಡು ತೆಗೆದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ” ಎಂದು ಹೆದರಿ ಬಯಾಪ್ಸಿ ಬೇಡವೆಂದು ಮನೆಗೆ ಹೋಗುವವರಿದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ಆ ಚಿಕ್ಕ ತುಂಡನ್ನು ಪರೀಕ್ಷಿಸಿದ ಮೇಲೆಯೇ ಅದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಚಿಕಿತ್ಸೆ ಬೇಕು ಎಂಬುದು ತಿಳಿಯುತ್ತದೆ. ಬರುವಾಗ ಹಳೆಯ ಚೀಟಿ, ವರದಿಗಳ ಜೊತೆಗೆ ರೇಷನ್ ಕಾರ್ಡ್, ಆಧಾರ್ ಕಾರ್ಡ್ ತನ್ನಿರಿ.