ಕೆರೆ ನುಂಗಿದ ಊರಲ್ಲಿ ಒತ್ತುವರಿದಾರ ಯಾರು?

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಮಗ್ಗುಲಲ್ಲಿ ಬೇಲಿಯೊಳಗೊಂದು ಪುಟ್ಟ ಹೊಂಡವಿದೆ. ಸಂಪಂಗಿ ಕೆರೆಯಲ್ಲಿ ಉಳಿದದ್ದು ಇಷ್ಟೇ. ವರ್ಷವಿಡೀ ಅತ್ತ ಕಣ್ಣು ಹಾಯಿಸುವವರೇ ಕಡಿಮೆ. ಚೈತ್ರದಲ್ಲಿ ಕರಗ ಉತ್ಸವ ಬಂತೆಂದರೆ ಮಾತ್ರ ಕತ್ತಿ ಹಿಡಿದ ವೀರಕುಮಾರರು ಹಸಿ ಕರಗದ ಪೂಜೆಗೆ ಇಲ್ಲಿ ಸೇರುತ್ತಾರೆ.

ಕರಗ ಹೊರುವ ತಿಗಳರು ಹೂವು, ತರಕಾರಿ ಬೆಳೆದು ಪೇಟೆಗೆ ಹಾಕುತ್ತಿದ್ದವರು. ಕೆರೆ ತುಂಬಿದ್ದರೆ ಅವರ ತೋಟ. ಆದರೆ ಕೆರೆಯ ಒಂದು ದಡಕ್ಕೆ ಪೇಟೆ, ಇನ್ನೊಂದು ದಡಕ್ಕೆ ಬ್ರಿಟಿಷರ ದಂಡು. ನೀರು ನಿಲ್ಲಲಿ ಎಂದು ತೋಟದವರು, ಬಂಗಲೆಗಳಿಗೆ ನುಗ್ಗುತ್ತದೆ, ಹೊರಬಿಡಿ ಎಂದು ದಂಡಿನವರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಊರಿಗೆ ಈ ಕೆರೆಯ ಹಂಗು ತಪ್ಪಿತು. ತೋಟದವರ ಹಕ್ಕಿಗೆ ಪತ್ರವಿರಲಿಲ್ಲ, ರೂಢಿಯಷ್ಟೇ ಇತ್ತು; ಕೆರೆ ಅವರ ಕೈತಪ್ಪಿತು.

ಆಮೇಲೆ ಸಾಲುಸಾಲು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ. ಕೆರೆಯಂಗಳದಲ್ಲಿ ಬಿಡಿಎಯೇ ಸೈಟು ಬಿಡಿಸಿ ಹಂಚಿದ್ದೂ ಉಂಟು. ಇದ್ಯಾವುದನ್ನೂ ಒತ್ತುವರಿ ಎನ್ನುವ ವಾಡಿಕೆಯಿಲ್ಲ.

2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರ ಬಡಾವಣೆಗೆ, ಕೆರೆಗೆ ಮಳೆನೀರು ಒಯ್ಯುವ ರಾಜಕಾಲುವೆಯ ತೆರವಿಗೆಂದು ಜೆಸಿಬಿ ಇಳಿಯಿತು. ಮನೆ ಕಳೆದುಕೊಂಡವರಲ್ಲಿ ಅನೇಕರ ಕೈಯಲ್ಲಿ ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳಿದ್ದವು. ತಿಗಳರು ಕಾಗದವಿಲ್ಲದೆ ಸೋತರು. ಇವರು ಕಾಗದವಿದ್ದೂ ಸೋತರು. ಅಧಿಕಾರಿಗಳು ಹಿಡಿದು ನಿಂತದ್ದು ಕಾಲುವೆ ಗುರುತಿಸಿದ್ದ ಹಳೆಯ ಗ್ರಾಮನಕ್ಷೆ. ಖಾತೆ ಮಾಡಿಕೊಟ್ಟ ದಿನವೂ ಆ ನಕ್ಷೆ ಸರ್ಕಾರದ ಬೀರುವಿನಲ್ಲೇ ಇತ್ತಲ್ಲ!

ಕಾಲುವೆ ತೆರವಾಗಲೇಬೇಕು, ಅನುಮಾನವಿಲ್ಲ. ಮಳೆ ಜೋರಾದಾಗ ಮೊದಲು ಮುಳುಗುವುದು ತಗ್ಗಿನಲ್ಲಿರುವ ಬಡವರ ಮನೆ. ಹಾಗೆಂದು ಅಂಥದೇ ನಕ್ಷೆಯನ್ನು ಮೆಜೆಸ್ಟಿಕ್ ಮೇಲೆ ಹಾಸಿ ನಿಲ್ದಾಣ ಕೆಡವಿ ಎನ್ನುವವರು ಯಾರೂ ಇಲ್ಲ, ಇರುವುದೂ ಬೇಡ. ದಿನಾ ಲಕ್ಷಾಂತರ ಜನ ಅಲ್ಲಿ ಬಸ್ಸು ಹತ್ತಿಳಿಯುತ್ತಾರೆ. ಸಾರ್ವಜನಿಕರ ಬಳಕೆ ಎಂಬ ಕಾರಣಕ್ಕೆ ಅಲ್ಲಿ ವಿನಾಯಿತಿ ಸರಿಯೆನ್ನೋಣ. ಎಲ್ಲರಿಗೂ ಬಾಗಿಲು ತೆರೆಯದ ಗಾಲ್ಫ್ ಮೈದಾನಕ್ಕೆ ಯಾವ ಕಾರಣ? ಅದು ಹಸಿರಾಗಿಯೇ ಇರುವಾಗ, ಸರ್ಕಾರದ ಮೊಹರು ನಂಬಿ ಮೂವತ್ತು-ನಲವತ್ತರ ಸೈಟು ಕೊಂಡವನ ಗೋಡೆಗೆ ಕೈಹಾಕುವ ಮುಂಚೆ ಪರಿಹಾರದ ಚೆಕ್ಕು, ಇಲ್ಲವೇ ಬದಲಿ ಜಾಗ ಅವನ ಕೈ ಸೇರಿರಬೇಕಿತ್ತು.